ಪದಚರ್ಚೆ: ಡ್ರೈವರ್ ಕೇಳುವ ‘ಕ್ಲಾಕ್’ ಗಡಿಯಾರವೇ? ಅದರ ‘ಎನೇಬಲ್’, ‘ಅನ್‌ಪ್ರಿಪೇರ್’ಗಳಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಲಿನಕ್ಸ್ ಕರ್ನಲ್‌ನ (ಕಾರ್ಯಾಚರಣೆ ವ್ಯವಸ್ಥೆಯ ತಿರುಳು) ಡ್ರೈವರ್‌ಗಳು, ಅಂದರೆ ಒಂದೊಂದು ಸಾಧನವನ್ನು ನಡೆಸುವ ತಂತ್ರಾಂಶಗಳು, ತಮಗೆ ಬೇಕಾದ ಕ್ಲಾಕ್‌ಗಳನ್ನು ಹೇಗೆ ಕೇಳಿ ಪಡೆಯುತ್ತವೆ, ಕೆಲಸ ಮುಗಿದ ಮೇಲೆ ಹೇಗೆ ಬಿಟ್ಟುಕೊಡುತ್ತವೆ ಎಂಬುದರ ಬಗ್ಗೆ ಒಂದು ದೀರ್ಘ ಬರಹ ಬರೆಯುತ್ತಿದ್ದೇನೆ. ವಿಷಯ ಕನ್ನಡಕ್ಕೆ ಚೆನ್ನಾಗಿಯೇ ಒಗ್ಗುತ್ತಿದೆ. ಕೆಲವು ಪದಗಳು ಮಾತ್ರ ಅಡ್ಡ ನಿಂತಿವೆ. ಅವುಗಳ ಮೇಲೆ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ಕ್ಲಾಕ್. ನಿಘಂಟು ತೆರೆದರೆ ಗಡಿಯಾರ. ಆದರೆ ಕಂಪ್ಯೂಟರಿನೊಳಗೆ ನಿಜಕ್ಕೂ ಗಡಿಯಾರ ಎನಿಸಿಕೊಳ್ಳುವ ಭಾಗವೇ ಬೇರೆ ಇದೆ, ಅದು ಆರ್‌ಟಿಸಿ (ರಿಯಲ್ ಟೈಮ್ ಕ್ಲಾಕ್). ಸೆಕೆಂಡಿಗೆ 32,768 ಸಲ ಕಂಪಿಸುವ ಹರಳು, ಯಂತ್ರ ಆರಿಸಿದ್ದಾಗಲೂ ಬ್ಯಾಟರಿಯ ಬಲದಲ್ಲಿ ನಡೆಯುವ ದಿನಾಂಕ, ವೇಳೆಯ ಎಣಿಕೆ. (32,768 ಅಂದರೆ 2ರ 15ನೇ ಘಾತ. 15 ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಸೆಕೆಂಡಿಗೆ ಒಂದು ಸಿಗುತ್ತದೆ.) ‘ಯಂತ್ರಾಂಶ ಗಡಿಯಾರ’ ಎಂದು ಬರೆದರೆ ಲಿನಕ್ಸ್ ಬಳಸುವವರಿಗೆ ನೆನಪಾಗುವುದು ಇದೇ.

ಡ್ರೈವರ್ ಕೇಳುವ ಕ್ಲಾಕ್ ಒಂದೇ ಸಮನೆ ಏರಿಳಿಯುವ ವಿದ್ಯುತ್ ಸಂಕೇತ. ಚಿಪ್ಪಿನ ಘಟಕಗಳು ಅದರ ಏರಿಕೆಗೋ ಇಳಿಕೆಗೋ ಒಂದೊಂದು ಹೆಜ್ಜೆ ಮುಂದಿಡುತ್ತವೆ. ಗಂಟೆ ಎಷ್ಟು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಸೀರಿಯಲ್ ಪೋರ್ಟಿನಲ್ಲಿ ಬಿಟ್‌ಗಳನ್ನು ಒಂದೊಂದಾಗಿ ಕಳಿಸಿ ಪಡೆಯುವ ಘಟಕವಾದ ಯುಆರ್ಟ್ ನೋಡಿ: ಅದಕ್ಕೆ 18,43,200 ಹರ್ಟ್ಸ್‌ನ ಕ್ಲಾಕ್ ಕೊಟ್ಟರೆ, 16ರಿಂದ ಭಾಗಿಸಿ 1,15,200 ಬಾಡ್ ವೇಗ ಪಡೆಯುತ್ತದೆ. ಬೇರೊಂದು ಡ್ರೈವರ್ ಮೇಲಿನಿಂದ ಆ ಕ್ಲಾಕಿನ ಆವರ್ತನವನ್ನು ಬದಲಿಸಿದರೆ ಈ ಲೆಕ್ಕ ಕೆಡುತ್ತದೆ, ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಬೀಳುತ್ತವೆ. ಇದನ್ನು ‘ಗಡಿಯಾರದ ವೇಗ ಬದಲಾಯಿತು’ ಎಂದರೆ ಓದುವವರು ವೇಳೆ ತಪ್ಪಿತು ಎಂದೇ ತಿಳಿಯುತ್ತಾರೆ.

ಹಾಗಾಗಿ ಗಡಿಯಾರವನ್ನು ಆರ್‌ಟಿಸಿಗೆ ಮೀಸಲಿಟ್ಟು, ಇದನ್ನು ಕ್ಲಾಕ್ ಎಂದೇ ಉಳಿಸಿಕೊಂಡು, ಅದರ ಒಂದೊಂದು ಏರಿಳಿತವನ್ನು ‘ಮಿಡಿತ’ ಎನ್ನುವುದು ನನ್ನ ಒಲವು. ‘ಸ್ಪಂದ’ವನ್ನೂ ಯೋಚಿಸಿದೆ. ಆದರೆ ಇವತ್ತಿನ ಬಳಕೆಯಲ್ಲಿ ಸ್ಪಂದಿಸುವುದು ಅಂದರೆ ಕೇಳಿದ್ದಕ್ಕೆ ಓಗೊಡುವುದು, ಆ ಅರ್ಥ ಇಲ್ಲಿ ನುಸುಳಬಾರದು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಕ್ರಿಯಾಪದಗಳು. ಕ್ಲಾಕ್ ಬೇಕೆಂದ ಡ್ರೈವರ್ ಎರಡು ಹಂತ ದಾಟಬೇಕು: ಮೊದಲು ಪ್ರಿಪೇರ್, ಆಮೇಲೆ ಎನೇಬಲ್. ಈ ಎರಡು ಹಂತ ಸುಮ್ಮನೆ ಬಂದದ್ದಲ್ಲ. ಪಿಎಲ್‌ಎಲ್‌ನಂಥ (ಒಂದು ಕ್ಲಾಕಿನಿಂದ ಬೇರೆ ಆವರ್ತನದ ಕ್ಲಾಕ್ ಹುಟ್ಟಿಸುವ ಮಂಡಲ) ಮೂಲ ತನ್ನ ಆವರ್ತನದಲ್ಲಿ ನೆಲೆನಿಲ್ಲಲು ಸಮಯ ಹಿಡಿಯುತ್ತದೆ. ಅದನ್ನು ಕಾಯುವ ಕೆಲಸ ಪ್ರಿಪೇರ್‌ನದು, ಹಾಗಾಗಿ ಅಲ್ಲಿ ನಿದ್ದೆಗೆ ಜಾರಲು ಅನುಮತಿ ಇದೆ, ಅದರ ಕಾವಲಿಗೆ ಮ್ಯೂಟೆಕ್ಸ್ (ಕಾಯುವವರು ನಿದ್ದೆ ಹೋಗಬಹುದಾದ ಬೀಗ) ಇದೆ. ಎನೇಬಲ್ ಅನ್ನು ಇಂಟರಪ್ಟ್ (ಸಾಧನವೊಂದು ಪ್ರೊಸೆಸರನ್ನು ತಡೆದು ಗಮನ ಸೆಳೆಯುವ ಕರೆ) ನಿಭಾಯಿಸುವಾಗಲೂ ಕರೆಯಬಹುದು, ಅಲ್ಲಿ ನಿದ್ದೆ ಕೂಡದು, ಕಾವಲು ಸ್ಪಿನ್‌ಲಾಕ್ (ಎಚ್ಚರದಲ್ಲೇ ಕಾಯಿಸುವ ಬೀಗ). ಕನ್ನಡದ ಜೋಡಿಪದಗಳಲ್ಲಿ ಈ ಭೇದ ಕಾಣಬೇಕು. ಪ್ರಿಪೇರ್‌ಗೆ ‘ಅಣಿ ಮಾಡು’ ಚೆನ್ನಾಗಿ ಹೊಂದುತ್ತದೆ, ಅಣಿ ಮಾಡುವುದಕ್ಕೆ ಹೊತ್ತು ಬೇಕು ಎಂಬ ಧ್ವನಿ ಆ ಮಾತಿನಲ್ಲೇ ಇದೆ.

ಎನೇಬಲ್, ಡಿಸೇಬಲ್‌ಗಳಿಗೆ ಫೋನುಗಳಲ್ಲಿ ಓದಿ ಅಭ್ಯಾಸವಾಗಿರುವುದು ‘ಸಕ್ರಿಯಗೊಳಿಸು, ನಿಷ್ಕ್ರಿಯಗೊಳಿಸು’. ಇಲ್ಲಿ ಇದು ದಾರಿ ತಪ್ಪಿಸುತ್ತದೆ. ಡಿಸೇಬಲ್ ಎಂದು ಕರೆದ ಕೂಡಲೇ ಕ್ಲಾಕ್ ನಿಲ್ಲುವುದಿಲ್ಲ, ಒಂದು ಎಣಿಕೆ ಇಳಿಯುತ್ತದೆ, ಅಷ್ಟೇ. ಕೆರೆಯ ತೂಬಿನಂತೆ: ಒಬ್ಬರು ತಮ್ಮ ಹೊಲಕ್ಕೆ ಸಾಕು ಎಂದರೂ ಮಿಕ್ಕವರಿಗೆ ಬೇಕಿರುವ ತನಕ ತೂಬು ಮುಚ್ಚುವಂತಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಯುಆರ್ಟ್ ಮತ್ತು ಐ2ಸಿ (ಚಿಪ್ಪುಗಳ ನಡುವಿನ ಇನ್ನೊಂದು ಸಂಪರ್ಕ ಘಟಕ) ಎರಡೂ ಒಂದೇ ಬಸ್ ಕ್ಲಾಕನ್ನು, ಅಂದರೆ ಚಿಪ್ಪಿನೊಳಗಿನ ಮಾಹಿತಿ ಹಾದಿಯ ಕ್ಲಾಕನ್ನು, ಕೇಳಿವೆ ಎಂದುಕೊಳ್ಳಿ. ಕರ್ನಲ್ ತನ್ನ ಒಳಸ್ಥಿತಿಯನ್ನು ಕಡತಗಳಾಗಿ ತೋರಿಸುವ ಡಿಬಗ್ಎಫ್‌ಎಸ್‌ನಲ್ಲಿರುವ ಕ್ಲಾಕ್ ಸಮ್ಮರಿ ಕಡತ ತೆರೆದರೆ ಆ ಕ್ಲಾಕಿನ ಎದುರು ಎನೇಬಲ್ ಎಣಿಕೆ 2 ಎಂದಿರುತ್ತದೆ. ಐ2ಸಿ ಡ್ರೈವರ್ ಡಿಸೇಬಲ್ ಕರೆದರೆ 1, ಕ್ಲಾಕ್ ಇನ್ನೂ ಓಡುತ್ತಿದೆ. ಅದೇ ಡ್ರೈವರ್ ತಪ್ಪಿ ಎರಡನೇ ಸಲ ಕರೆದರೆ 0, ಯುಆರ್ಟ್‌ನ ಕಾಲ ಕೆಳಗಿನ ನೆಲವೇ ಹೋಯಿತು. ಆಗ ಯುಆರ್ಟ್‌ನ ರಿಜಿಸ್ಟರ್ (ಘಟಕದೊಳಗಿನ ಪುಟ್ಟ ಮಾಹಿತಿ ಖಾನೆ) ಓದಲು ಹೋದರೆ ಕೆಲವು ಚಿಪ್ಪುಗಳಲ್ಲಿ ಬಸ್ಸೇ ಸ್ತಬ್ಧವಾಗುತ್ತದೆ. ಅದನ್ನು ದಾಟಿ, ಯುಆರ್ಟ್ ಡ್ರೈವರ್ ತನ್ನ ಪಾಲಿನ ಡಿಸೇಬಲ್ ಅನ್ನು ನ್ಯಾಯವಾಗಿಯೇ ಕರೆದಾಗ ‘ಈಗಾಗಲೇ ಡಿಸೇಬಲ್ ಆಗಿದೆ’ ಎಂಬ ಎಚ್ಚರಿಕೆ ಬರುತ್ತದೆ. ಎಚ್ಚರಿಕೆಯ ಜಾಡು ಹಿಡಿದು ಹೋದರೆ ಸಿಗುವುದು ಯುಆರ್ಟ್ ಡ್ರೈವರ್, ತಪ್ಪು ಮಾಡಿದ್ದು ಐ2ಸಿ. ಎಣಿಕೆ ಕ್ಲಾಕಿನದೇ ಹೊರತು ಯಾರು ಎಷ್ಟು ಸಲ ಕೇಳಿದರು ಎಂಬುದರದಲ್ಲ, ಆದ್ದರಿಂದ ಹೀಗಾಗುತ್ತದೆ. ಈ ಪ್ರಸಂಗವನ್ನು ‘ನಿಷ್ಕ್ರಿಯಗೊಳಿಸಿತು’ ಎಂಬ ಪದ ಇಟ್ಟುಕೊಂಡು ಕನ್ನಡದಲ್ಲಿ ವಿವರಿಸಿ ನೋಡಿ, ಎರಡನೇ ವಾಕ್ಯಕ್ಕೇ ಗೋಜಲಾಗುತ್ತದೆ. ‘ಬೇಕೆನ್ನು, ಬೇಡವೆನ್ನು’ ಎಂದು ಬದಲಿಸಿದರೆ ಸಲೀಸು: ಇಬ್ಬರು ಬೇಕೆಂದಿದ್ದರು, ಒಬ್ಬ ಎರಡು ಸಲ ಬೇಡವೆಂದ, ಕ್ಲಾಕ್ ನಿಂತಿತು. ‘ಬೇಕೆನ್ನು’ ಪಾರಿಭಾಷಿಕ ಪದದಂತೆ ಕೇಳಿಸುವುದಿಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಕರ್ನಲ್‌ನಲ್ಲಿ ನಡೆಯುವುದನ್ನು ಅದು ಇದ್ದ ಹಾಗೆ ಹೇಳುತ್ತದೆ, ನನಗೆ ಅದು ಮುಖ್ಯ.

ಡಿಪೆಂಡೆನ್ಸಿಗೆ ‘ಅವಲಂಬನೆ’ ನೆಲೆಗೊಂಡ ಪದ, ತಕರಾರಿಲ್ಲ. ಆದರೆ ‘ಕ್ಲಾಕ್ ಅವಲಂಬನೆ’ ಎಂದು ಸಮಾಸ ಮಾಡಿದೊಡನೆ ಯಾರು ಯಾರನ್ನು ನೆಚ್ಚಿಕೊಂಡಿದ್ದಾರೆ ಎಂಬುದು ಅಳಿಸಿಹೋಗುತ್ತದೆ. ಕ್ಲಾಕ್‌ಗಳೂ ಒಂದನ್ನೊಂದು ನೆಚ್ಚಿಕೊಂಡಿರುವುದರಿಂದ ಗೊಂದಲ ದೊಡ್ಡದು. ‘ಐ2ಸಿಗೆ ಬಸ್ ಕ್ಲಾಕ್ ಆಸರೆ, ಬಸ್ ಕ್ಲಾಕಿಗೆ ಪಿಎಲ್‌ಎಲ್ ಆಸರೆ’ ಎಂದರೆ ದಿಕ್ಕು ತಪ್ಪುವುದಿಲ್ಲ. ಕ್ಲಾಕ್ ಕೊಡುವ ಡ್ರೈವರ್ ಇನ್ನೂ ಬಂದಿರದಿದ್ದರೆ ಕೇಳಿದ ಡ್ರೈವರಿಗೆ ಸಿಗುವ −517 ಎಂಬ ಉತ್ತರಕ್ಕೆ ‘ಮುಂದೂಡಿಕೆ’ ಸಾಕು. ಅದನ್ನು ವೈಫಲ್ಯ ಎನ್ನುವುದು ಬೇಡ, ಕರ್ನಲ್ ಆ ಸಾಧನವನ್ನು ಆಮೇಲೆ ಮತ್ತೆ ಕರೆದು ನೋಡುತ್ತದೆ.

ಪೇರೆಂಟ್ ಕ್ಲಾಕಿಗೆ, ಅಂದರೆ ಇನ್ನೊಂದು ಕ್ಲಾಕ್ ಯಾವುದರಿಂದ ಹುಟ್ಟುತ್ತದೋ ಅದಕ್ಕೆ, ‘ತಾಯಿ’ ಎಂಬ ಸಲಹೆ ಓದಿದ್ದೇನೆ. ಮಕ್ಸ್ (ಹಲವು ಮೂಲಗಳಲ್ಲಿ ಒಂದನ್ನು ಆಯುವ ಸ್ವಿಚ್ಚು) ಇರುವ ಕ್ಲಾಕಿನ ಪೇರೆಂಟನ್ನು ಓಡುತ್ತಿರುವಾಗಲೇ ಬದಲಿಸುವುದುಂಟು. ‘ತಾಯಿಯನ್ನು ಬದಲಿಸು’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ‘ಮೂಲ ಬದಲಿಸು’ ಸಹಜ. ಎಲ್ಲಕ್ಕೂ ಬುಡದಲ್ಲಿರುವ, ಮೊದಲ ಸಂಕೇತವನ್ನು ಹುಟ್ಟಿಸುವ ಆಸಿಲೇಟರನ್ನು ಆಗ ‘ಬೇರು’ ಎನ್ನಬಹುದು.

ಇನ್ನೊಂದು, ‘ಅನ್‌ಯೂಸ್ಡ್’. ಬೂಟ್‌ನ ಕೊನೆಯ ಹಂತದಲ್ಲಿ ಕರ್ನಲ್ ಯಾರೂ ಕೇಳಿರದ ಕ್ಲಾಕ್‌ಗಳನ್ನು ಹುಡುಕಿ ಆರಿಸುತ್ತದೆ. ಇವನ್ನು ‘ಬಳಕೆಯಲ್ಲಿಲ್ಲದ ಕ್ಲಾಕ್’ ಎಂದರೆ ಸುಳ್ಳಾಗುತ್ತದೆ. ಬೂಟ್‌ಲೋಡರ್ (ಕರ್ನಲ್‌ಗಿಂತ ಮೊದಲು ಓಡಿ ಅದನ್ನು ಎಬ್ಬಿಸುವ ತಂತ್ರಾಂಶ) ಹಚ್ಚಿಟ್ಟ ಪರದೆಯ ಕ್ಲಾಕ್ ಬಳಕೆಯಲ್ಲಿದೆ, ಅದನ್ನು ತನ್ನದೆನ್ನುವ ಡ್ರೈವರ್ ಮಾತ್ರ ಇಲ್ಲ. ಹಾಗಾಗಿಯೇ ಅದುವರೆಗೆ ಬೆಳಗುತ್ತಿದ್ದ ಪರದೆ ತಟ್ಟನೆ ಕಪ್ಪಾಗುವುದು. ‘ವಾರಸುದಾರರಿಲ್ಲದ ಕ್ಲಾಕ್’ ಎಂದರೆ ವಿಷಯ ನೇರವಾಗಿ ತಿಳಿಯುತ್ತದೆ. ಎಂದೂ ನಿಲ್ಲಬಾರದವಕ್ಕೆ ಹಾಕುವ ‘ಕ್ರಿಟಿಕಲ್’ ಗುರುತನ್ನು ‘ನಿಲ್ಲಿಸಬಾರದ’ ಎಂದೇ ಬರೆದಿದ್ದೇನೆ.

ಉಳಿದದ್ದು ಅನ್‌ಪ್ರಿಪೇರ್, ಅಂದರೆ ಪ್ರಿಪೇರ್ ಮಾಡಿದ್ದನ್ನು ಹಿಂತೆಗೆಯುವ ಹಂತ. ‘ಅಸಿದ್ಧಗೊಳಿಸು’ ನಾಲಿಗೆಗೂ ಹಿತವಲ್ಲ, ಅರ್ಥವೂ ಹೊಳೆಯದು. ‘ಅಣಿ ಕಳಚು’ ಎಂದು ಸದ್ಯಕ್ಕೆ ಇಟ್ಟಿದ್ದೇನೆ, ಒಪ್ಪಿಗೆಯಾಗಿಲ್ಲ. ಡ್ರೈವರ್ ಬರೆಯುವವರು ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ, ಜೊತೆಯವರೊಡನೆ ಕನ್ನಡದಲ್ಲಿ ಮಾತಾಡುವಾಗ ಈ ಹಂತವನ್ನು ಏನೆನ್ನುತ್ತೀರಿ? ಬಿಡಿ ಪದಕ್ಕಿಂತ ಇಡೀ ವಾಕ್ಯ ಬರೆದರೆ ಹೆಚ್ಚು ಉಪಕಾರ.