ಈಸ್ಟ್ ಸತ್ತಿದೆಯೋ ಬದುಕಿದೆಯೋ? ಎರಡು ಪ್ಯಾಕೆಟಿನಲ್ಲೂ ನೊರೆ ಬರುತ್ತಿಲ್ಲ

ಉಪ್ಪಳ_ಬನ್:
ಬನ್ನಿನ ಹಿಟ್ಟು ಉಬ್ಬಿಸಲಿಕ್ಕೆ ತಂದ ಈಸ್ಟಿನ ಎರಡನೇ ಪ್ಯಾಕೆಟ್ ಇದು. ಅವಧಿ ಮುಗಿಯಲಿಕ್ಕೆ ಇನ್ನೂ 8 ತಿಂಗಳುಂಟು. ಬಿಸಿನೀರಿಗೆ ಸಕ್ಕರೆ, ಈಸ್ಟ್ ಹಾಕಿ 10 ನಿಮಿಷ ಮುಚ್ಚಿಟ್ಟರೆ ಅಡಿಯಲ್ಲಿ ಕಂದು ಕೆಸರು ಕೂರುತ್ತದೆ, ಮೇಲೆ ಒಂದು ಗುಳ್ಳೆಯೂ ಇಲ್ಲ. ಅರ್ಧ ಕಿಲೋ ಮೈದಾ ಹಾಳು. ಅಂಗಡಿಯವರು ಹಳೇ ಮಾಲು ಕೊಟ್ಟದ್ದಾ?

ಬದಿಯಡ್ಕ_ಓವನ್:
ಥಂಡಿ (ತೇವ) ಹಿಡಿದಿದೆ, ಬೇರೆ ಎಂತದೂ ಅಲ್ಲ. ಆಟಿ ತಿಂಗಳ ಮಳೆಗೆ ಪ್ಯಾಕೆಟಿಗೆ ಕ್ಲಿಪ್ ಹಾಕಿಟ್ಟರೆ ಸಾಲುವುದಿಲ್ಲ. ಗಾಜಿನ ಭರಣಿ, ಬಿಗಿ ಮುಚ್ಚಳ, ಫ್ರಿಜ್. ಬೇಕಾದಷ್ಟು ತೆಗೆದು ಕೂಡಲೇ ಒಳಗಿಡಿ. ತಣ್ಣನೆ ಭರಣಿ ಹೊರಗೆ ತೆರೆದಿಟ್ಟರೆ ಒಳಗೇ ಬೆವರುತ್ತದೆ.

ಉಪ್ಪಳ_ಬನ್:
ಎರಡೂ ಆಗಷ್ಟೇ ಒಡೆದದ್ದು.

ಬದಿಯಡ್ಕ_ಓವನ್:
ಹಾಗಾದರೆ ಅಂಗಡಿಯಲ್ಲೇ ಥಂಡಿ ಹಿಡಿದಿರಬೇಕು. ಗಾಳಿ ತೆಗೆದು ಕಟ್ಟಿದ ಪ್ಯಾಕೆಟ್ ಇಟ್ಟಿಗೆಯ ಹಾಗೆ ಗಟ್ಟಿ ಇರಬೇಕು, ಒತ್ತಿದಾಗ ಮೆತ್ತಗಿದ್ದರೆ ಗಾಳಿ ಹೊಕ್ಕಿದೆ ಅಂತಲೇ.

ಕುಂಬಳೆ_ಅಡುಗೆ:
ಬನ್ಸಿಗೆ ಈಸ್ಟ್ ಯಾಕೆ? ಬಾಳೆಹಣ್ಣು, ಮೊಸರು, ಸೋಡ ಸಾಕಲ್ಲ.

ಉಪ್ಪಳ_ಬನ್:
ಅದು ಎಣ್ಣೆಯಲ್ಲಿ ಕರಿಯುವ ಬನ್ಸ್ ಅಕ್ಕ. ನಾನು ಕೇಳಿದ್ದು ಬೇಕರಿಯ ಸಿಹಿ ಬನ್ನು.

ಕುಂಬಳೆ_ಅಡುಗೆ:
ಈಸ್ಟ್ ಇನ್‌ಸ್ಟಂಟ್ ಆದರೆ ನೆನೆಸುವುದೇ ಬೇಡ, ನೇರ ಹಿಟ್ಟಿಗೆ.

ಮುಳ್ಳೇರಿಯ_ಹಿಟ್ಟು:
ನೆನೆಸುವುದು ಬೇಡ ಎಂಬುದು ಸರಿ. ಆದರೆ ಜೀವ ಉಂಟಾ ಅಂತ ನೋಡಲಿಕ್ಕೆ ಇನ್‌ಸ್ಟಂಟನ್ನೂ ನೀರಿಗೆ ಹಾಕಬಹುದು. ಮೊದಲು ಇದು ಹೇಳಿ: ನೀರು ಎಷ್ಟು ಬಿಸಿ? ಉಪ್ಪು ಹಾಕಿದ್ದೀರಾ?

ಉಪ್ಪಳ_ಬನ್:
ಕುದಿಸಿ ಎರಡು ನಿಮಿಷ ಆರಿಸಿದ್ದು. ಉಪ್ಪು ಒಂದು ಚಿಟಿಕೆ.

ಮುಳ್ಳೇರಿಯ_ಹಿಟ್ಟು:
ಮಾರಾಯ್ರೆ, ಪ್ಯಾಕೆಟ್ ಸರಿಯೇ ಇರಬಹುದು, ಕೊಂದದ್ದು ನೀರು. 60 ಡಿಗ್ರಿ ತಾಗಿದರೆ ಈಸ್ಟ್ ಉಳಿಯುವುದಿಲ್ಲ, ನಿಮ್ಮದು ಅದಕ್ಕಿಂತ ಎಷ್ಟೋ ಮೇಲೆ. ಬೇಕಾದದ್ದು 40ರ ಆಸುಪಾಸು. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಲೋಟ ಕುದಿಯುವ ನೀರಿಗೆ ಅದೇ ಲೋಟದಲ್ಲಿ ನಾಲ್ಕು ಲೋಟ ಬಾವಿನೀರು ಬೆರೆಸಿ, ಲೆಕ್ಕ ಸರಿಯಾಗುತ್ತದೆ. ಅದರಿಂದ 60 ಮಿಲೀ ತೆಗೆದು ಅರ್ಧ ಟೀ ಚಮಚ ಸಕ್ಕರೆ ಕರಗಿಸಿ, ಒಂದು ಟೀ ಚಮಚ ಈಸ್ಟ್ ಮೇಲೆ ಉದುರಿಸಿ. ಉಪ್ಪು ಬೇಡ. ಮೊದಲು ಕಾಳು ಊದಿ ಒಂದೊಂದೇ ಅಡಿಗಿಳಿಯುತ್ತದೆ, ಆಮೇಲೆ ತಳದಿಂದ ಮೋಡದ ಹಾಗೆ ಎದ್ದು ಬರುತ್ತದೆ. 10 ನಿಮಿಷಕ್ಕೆ ದಪ್ಪ ಕೆನೆಯಂಥ ನೊರೆ, ಹುಳಿ ವಾಸನೆ ಬಂದರೆ ಜೀವ ಉಂಟು. 15 ದಾಟಿ ತೆಳು ನೊರೆ ಬಂದರೆ ಶಕ್ತಿ ಕುಂದಿದೆ, ಒಂದೂವರೆ ಪಾಲು ಹಾಕಿ ನೋಡಬಹುದು.

ನನಗೆ ಇದಕ್ಕಿಂತ ನಂಬಿಕೆ ಹಿಟ್ಟಿನ ಪರೀಕ್ಷೆಯ ಮೇಲೆ. 50 ಗ್ರಾಂ ಮೈದಾ, 30 ಮಿಲೀ ನೀರು, 1 ಗ್ರಾಂ ಈಸ್ಟ್ ನಾದಿ ನೇರ ಬದಿಯ ಗಾಜಿನ ಲೋಟಕ್ಕೆ ಒತ್ತಿ, ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ. ನಮ್ಮೂರಿನ ಸೆಕೆಗೆ ಗಂಟೆಯ ಹೊತ್ತಿಗೆ ಎರಡರಷ್ಟು ಆಗಬೇಕು.

ಬದಿಯಡ್ಕ_ಓವನ್:
ನನ್ನಲ್ಲಿ ಹಿಟ್ಟು ಉಬ್ಬಲಿಕ್ಕೆ ಬಲ್ಬ್ ಹಾಕಿ 28 ಡಿಗ್ರಿಗೆ ನಿಲ್ಲಿಸಿದ ಪೆಟ್ಟಿಗೆ ಉಂಟು. ಆದರೂ ಥಂಡಿ ಹಿಡಿದ ಈಸ್ಟ್ ಏಳುವುದಿಲ್ಲ.

ಉಪ್ಪಳ_ಬನ್:
ಅದೇ ಪ್ಯಾಕೆಟ್, 9 ನಿಮಿಷಕ್ಕೆ ನೊರೆ ಬಂತು! ಲೋಟದ ಹಿಟ್ಟೂ ಎರಡರಷ್ಟಾಯಿತು. ಬನ್ನಿನ ಹಿಟ್ಟು ಮಾತ್ರ ಮೂರು ಗಂಟೆಯಾದರೂ ಹಾಗೇ ಉಂಟು.

ಮುಳ್ಳೇರಿಯ_ಹಿಟ್ಟು:
ಅರ್ಧ ಕಿಲೋ ಮೈದಾಕ್ಕೆ ಸಕ್ಕರೆ ಎಷ್ಟು?

ಉಪ್ಪಳ_ಬನ್:
120 ಗ್ರಾಂ.

ಮುಳ್ಳೇರಿಯ_ಹಿಟ್ಟು:
ನೂರಕ್ಕೆ 24 ಆಯಿತು. 10 ದಾಟಿದರೆ ಸಕ್ಕರೆ ಈಸ್ಟಿನೊಳಗಿನ ನೀರನ್ನೇ ಎಳೆಯುತ್ತದೆ, ಈಸ್ಟ್ ಮಂದವಾಗುತ್ತದೆ. 50 ಗ್ರಾಂಗೆ ಇಳಿಸಿ, ಉಳಿದ ಸಿಹಿಯನ್ನು ಬೆಂದ ಮೇಲೆ ಪಾಕವಾಗಿ ಸವರಿ.