ಹುಬ್ಬಳ್ಳಿಯ ನಮ್ಮ ಬಡಾವಣೆಯ ಉದ್ಯಾನದಲ್ಲಿ ಪಾಯ ಅಗೆದಿದ್ದಾರೆ, ದಯವಿಟ್ಟು ಎಲ್ಲರೂ ಓದಿ

ನಿವೃತ್ತ ಶಿಕ್ಷಕಿ, 2ನೇ ಅಡ್ಡರಸ್ತೆ:
ನಿನ್ನೆ ಮಧ್ಯಾಹ್ನ ಜೆಸಿಬಿ ತಂದು ಉದ್ಯಾನದ ಮೂಲೆಯಲ್ಲಿ ಪಾಯ ತೋಡಿದ್ದಾರೆ. ಬೇವಿನ ಮರದ ತೋಳು ಗಾತ್ರದ ಬೇರು ತುಂಡಾಗಿ ಎರೆ ಮಣ್ಣಿನ (ಕಪ್ಪು ಮಣ್ಣಿನ) ಗುಡ್ಡೆಯ ಮೇಲೆ ಬಿದ್ದಿದೆ. ಕೇಳಿದರೆ ಸಮುದಾಯ ಭವನ ಎನ್ನುತ್ತಾರೆ. ಆದೇಶ ತೋರಿಸಿ ಎಂದರೆ ಗುತ್ತಿಗೆದಾರನ ಮೊಬೈಲ್ ಸಂಖ್ಯೆ ಕೊಡುತ್ತಾರೆ!

ಕಿರಾಣಿ ಅಂಗಡಿ, 4ನೇ ಅಡ್ಡರಸ್ತೆ:
ಅಕ್ಕಾ, ಭವನ ಬಂದರೆ ತಪ್ಪೇನು? ಒಂದು ಸೀಮಂತಕ್ಕೂ ಬಾಡಿಗೆ ತೆತ್ತು ಗೋಕುಲ ರಸ್ತೆಗೆ ಹೋಗಬೇಕು. ಉದ್ಯಾನದಲ್ಲಿ ಇರುವುದು ಪಾರ್ಥೇನಿಯಂ ಕಳೆ, ಮುರಿದ ಜೋಕಾಲಿ.

ವಕೀಲರು, 1ನೇ ಅಡ್ಡರಸ್ತೆ:
ಕಾಕಾ, ಕಳೆ ಬೆಳೆದ ಮಾತ್ರಕ್ಕೆ ಉದ್ಯಾನ ನಿವೇಶನವಾಗುವುದಿಲ್ಲ. ಕರ್ನಾಟಕದ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಪ್ರಕಾರ, ಪಟ್ಟಿಯಲ್ಲಿರುವ ಜಾಗವನ್ನು ಪೂರ್ವಾನುಮತಿ ಇಲ್ಲದೆ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ. ಬೆಂಗಳೂರಿನಲ್ಲಿ ಉದ್ಯಾನದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳೇ ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಆದ್ದರಿಂದ ಮೊದಲು ಕಾಗದ, ಆಮೇಲೆ ಘೋಷಣೆ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಮೂರನ್ನು ಕೇಳೋಣ: ಅನುಮೋದಿತ ಬಡಾವಣೆ ನಕ್ಷೆ, ಕಾಮಗಾರಿ ಆದೇಶ, ಅನುಮತಿ ಪತ್ರ. ಉತ್ತರಕ್ಕೆ 30 ದಿನ. ಅಷ್ಟರಲ್ಲಿ ಗೋಡೆ ಏಳಬಾರದು, ಹಾಗಾಗಿ ಕೆಲಸ ನಿಲ್ಲಿಸಲು ಪಾಲಿಕೆ ಆಯುಕ್ತರಿಗೆ ನಾಳೆಯೇ ಮನವಿ.

ಸಿವಿಲ್ ಎಂಜಿನಿಯರ್, 3ನೇ ಅಡ್ಡರಸ್ತೆ:
ನಮ್ಮ ರಸ್ತೆಯ ಮಾತನ್ನೂ ಕೇಳಿ. ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಮೊದಲ ಮಳೆಯನ್ನು ಕುಡಿಯುತ್ತದೆ. ನೆನೆದು ಉಬ್ಬಿದ ಮೇಲೆ ನೀರು ಇಳಿಯುವುದು ನಿಧಾನ. ಆಗ ಆ ನೀರು ನಿಲ್ಲಲು ಬಯಲು ಬೇಕು. ಅಲ್ಲಿಗೂ ಕಾಂಕ್ರೀಟ್ ಸುರಿದರೆ ನೀರು ನಮ್ಮ ಪಡಸಾಲೆಗೇ ಬರುತ್ತದೆ. ಕೇಂದ್ರದ 2014ರ ನಗರ ಯೋಜನಾ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ಬಯಲು ಜಾಗ ಇರಬೇಕೆನ್ನುತ್ತದೆ. ನಮಗಿರುವುದು ಇದೊಂದೇ ತುಂಡು. ಉಣಕಲ್ ಕೆರೆ ದಂಡೆಯನ್ನು ತೋರಿಸಿ ಲೆಕ್ಕ ತುಂಬಿಸಬೇಡಿ.

ಕಿರಾಣಿ ಅಂಗಡಿ, 4ನೇ ಅಡ್ಡರಸ್ತೆ:
ಸರಿ, ಹಾಗಾದರೆ ಭವನ ಎಲ್ಲಿ? ಮದುವೆಗೆ ಬೇವಿನ ನೆರಳು ಸಾಕೇ?

ವಕೀಲರು, 1ನೇ ಅಡ್ಡರಸ್ತೆ:
ನೀರಿನ ಟ್ಯಾಂಕ್ ಪಕ್ಕದ ಖಾಲಿ ಜಾಗ ನಾಗರಿಕ ಸೌಲಭ್ಯ ನಿವೇಶನ, ಅಂದರೆ ಸಾರ್ವಜನಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗ, ಎಂದು ಕೇಳಿದ್ದೇನೆ. ನಕ್ಷೆ ಬಂದರೆ ಖಚಿತವಾಗುತ್ತದೆ. ಭವನಕ್ಕೆ ಅದನ್ನೇ ಕೇಳೋಣ.

ಕಿರಾಣಿ ಅಂಗಡಿ, 4ನೇ ಅಡ್ಡರಸ್ತೆ:
ಆ ಸಾಲನ್ನು ಮನವಿಯಲ್ಲಿ ಬರೆಯಿರಿ, ಸಹಿ ಹಾಕುತ್ತೇನೆ. ಬರೆಯದಿದ್ದರೆ ಇಲ್ಲ.

ನಿವೃತ್ತ ಶಿಕ್ಷಕಿ, 2ನೇ ಅಡ್ಡರಸ್ತೆ:
ಎರಡನೇ ಸಾಲಿನಲ್ಲೇ ಬರೆದಿದ್ದೇನೆ, ಅಣ್ಣಾ. ಸಂಜೆ ಆರಕ್ಕೆ ನಿಮ್ಮ ಅಂಗಡಿಯ ಕಟ್ಟೆಯ ಮೇಲೆ ಕಾಗದ ಇಡುತ್ತೇನೆ. ಹಾಲು ಒಯ್ಯಲು ಬಂದವರಿಂದ ಸಹಿ ಮಾಡಿಸುವುದು ನಿಮ್ಮ ಪಾಲು.