ದುಡಿಯುವ ಬಂಡವಾಳ: ಒಟ್ಟೋ, ನಿವ್ವಳವೋ?

ಪ್ರಶ್ನೆ: ಸಣ್ಣ ಕೈಗಾರಿಕೆಗಳ ಹಣಕಾಸಿನ ಬಗೆಗಿನ ಸಂಶೋಧನಾ ಪ್ರಬಂಧವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ವರ್ಕಿಂಗ್ ಕ್ಯಾಪಿಟಲ್’ ಬಂದಲ್ಲೆಲ್ಲ ‘ದುಡಿಯುವ ಬಂಡವಾಳ’ ಎಂದರೆ ಸಾಕೇ? ಒಂದೇ ಘಟಕಕ್ಕೆ ಒಂದು ಕಡೆ 40 ಲಕ್ಷ, ಇನ್ನೊಂದು ಕಡೆ 10 ಲಕ್ಷ ಎಂದಿದೆ. ‘ಕ್ಯಾಶ್ ಕನ್ವರ್ಷನ್ ಸೈಕಲ್’ಗೂ ಪದ ಬೇಕು.

ಉತ್ತರ: ‘ದುಡಿಯುವ ಬಂಡವಾಳ’ವನ್ನು ಬಿಡಬೇಡಿ, ವಾಣಿಜ್ಯ ಓದಿದವರಿಗೆಲ್ಲ ಗೊತ್ತಿರುವ ಪದ. ಆದರೆ ಅದರ ಮುಂದೆ ‘ಒಟ್ಟು’ ಅಥವಾ ‘ನಿವ್ವಳ’ ಇರಲೇಬೇಕು. ದಾಸ್ತಾನು, ಗಿರಾಕಿಗಳಿಂದ ಬರಬೇಕಾದ ಬಾಕಿ, ನಗದು ಮುಂತಾದ ಚಾಲ್ತಿ ಆಸ್ತಿಗಳನ್ನೆಲ್ಲ ಕೂಡಿಸಿದರೆ ಒಟ್ಟು. ಅದರಲ್ಲಿ ಚಾಲ್ತಿ ಹೊಣೆಗಳನ್ನು, ಅಂದರೆ ವರ್ಷದೊಳಗೆ ತೀರಿಸಬೇಕಾದ ಬಾಕಿ-ಸಾಲಗಳನ್ನು ಕಳೆದರೆ ನಿವ್ವಳ. ಉದಾಹರಣೆಗೆ ಚಾಲ್ತಿ ಆಸ್ತಿ 40 ಲಕ್ಷ, ಸರಕು ಕೊಟ್ಟವರಿಗೆ ಸಲ್ಲಬೇಕಾದದ್ದು 12 ಲಕ್ಷ, ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲ 18 ಲಕ್ಷ ಇದ್ದರೆ ನಿವ್ವಳ 10 ಲಕ್ಷ.

ಈ 10 ಲಕ್ಷ ಆಸ್ತಿಯ ಸರಿಯಾಗಿ ಕಾಲು ಭಾಗ. ಬ್ಯಾಂಕ್ ಸಾಲದ ಮಿತಿ ಲೆಕ್ಕಹಾಕಲು ರಿಸರ್ವ್ ಬ್ಯಾಂಕಿನ ಟಂಡನ್ ಸಮಿತಿ 1975ರಲ್ಲಿ ಹೇಳಿದ ಎರಡನೇ ವಿಧಾನ ಇದೇ: ಚಾಲ್ತಿ ಆಸ್ತಿಯ ಶೇ. 25ರಷ್ಟು ದೀರ್ಘಾವಧಿ ಹಣದಿಂದ ಬರಬೇಕು. ಬ್ಯಾಂಕಿನವರು ಇದನ್ನು ‘ಮಾರ್ಜಿನ್’ ಎನ್ನುತ್ತಾರೆ. ದಯವಿಟ್ಟು ಇದನ್ನು ‘ಲಾಭಾಂಶ’ ಮಾಡಬೇಡಿ. ಲಾಭಾಂಶ ಷೇರುದಾರರಿಗೆ ಹಂಚುವ ಡಿವಿಡೆಂಡು. ‘ಮಾರ್ಜಿನ್ ಹಣ’ ಎಂದೇ ಇರಲಿ.

ಪ್ರಬಂಧದಲ್ಲಿ ಸಣ್ಣ ಕೈಗಾರಿಕೆಗಳ ಸಾಲದ ಬಗೆಗಿನ ರಿಸರ್ವ್ ಬ್ಯಾಂಕಿನ ನಾಯಕ್ ಸಮಿತಿಯ ಸೂತ್ರ ಬಂದಿದ್ದರೆ ಲೆಕ್ಕ ವಹಿವಾಟಿನ ಮೇಲೆ ನಡೆಯುತ್ತದೆ. ಅಂದಾಜು ವಾರ್ಷಿಕ ವಹಿವಾಟು 1.5 ಕೋಟಿಯಾದರೆ ಅಗತ್ಯ ಅದರ ಶೇ. 25, ಅಂದರೆ 37.5 ಲಕ್ಷ. ಬ್ಯಾಂಕು ಕೊಡುವುದು 30 ಲಕ್ಷ, ಮಾಲೀಕರ ಪಾಲು 7.5 ಲಕ್ಷ. ಹಣ ಮೂರು ತಿಂಗಳಿಗೊಮ್ಮೆ ಸುತ್ತಿ ಬರುತ್ತದೆಂಬ ಊಹೆ ಇದರ ಹಿಂದಿದೆ.

ಆ ಸುತ್ತೇ ನಿಮ್ಮ ಎರಡನೇ ಪದ. ‘ನಗದು ಪರಿವರ್ತನಾ ಚಕ್ರ’ ಎಂದರೆ ನಗದು ಬೇರೇನೋ ಆಗುತ್ತದೆ ಎಂದು ಓದುಗರು ತಿಳಿಯಬಹುದು. ನನ್ನ ಮತ ‘ನಗದು ಮರಳುವ ಅವಧಿ’ಗೆ. ರಿಚರ್ಡ್ಸ್ ಮತ್ತು ಲಾಫ್ಲಿನ್ 1980ರ ಲೇಖನದಲ್ಲಿ ಮಂಡಿಸಿದ ಈ ಅಳತೆಯಲ್ಲಿ ದಾಸ್ತಾನಿನ ದಿನಗಳಿಗೆ ಬರಬೇಕಾದ ಬಾಕಿಯ ದಿನಗಳನ್ನು ಕೂಡಿಸಿ, ಕೊಡಬೇಕಾದ ಬಾಕಿಯ ದಿನಗಳನ್ನು ಕಳೆಯಬೇಕು. ಉಕ್ಕು ಕೊಂಡ ಘಟಕ 35ನೇ ದಿನ ದುಡ್ಡು ಕಟ್ಟುತ್ತದೆ, 50ನೇ ದಿನ ಬಿಡಿಭಾಗ ಮಾರುತ್ತದೆ, ಇನ್ನೂ 60 ದಿನ ಕಳೆದು 110ನೇ ದಿನ ಗಿರಾಕಿಯ ಹಣ ಬರುತ್ತದೆ. ಕೈಯಿಂದ ಹೋದ ಹಣ ಮರಳಲು 75 ದಿನ.

ಎಡವುವುದು ‘ಟರ್ನೋವರ್’ನಲ್ಲಿ. ಮಾರಾಟದ ಮೊತ್ತಕ್ಕೂ ಅದೇ ಪದ, ದಾಸ್ತಾನು ವರ್ಷಕ್ಕೆ ಎಷ್ಟು ಸಲ ಖಾಲಿಯಾಯಿತು ಎಂಬುದಕ್ಕೂ ಅದೇ ಪದ. ಮೊದಲನೆಯದಕ್ಕೆ ‘ವಹಿವಾಟು’, ಎರಡನೆಯದಕ್ಕೆ ‘ದಾಸ್ತಾನಿನ ಸುತ್ತು’ ಎನ್ನಿ. ಬರಬೇಕಾದ ಬಾಕಿಯನ್ನು ದಿನಕ್ಕಿಷ್ಟು ಎಂಬ ಉದ್ದರಿ ಮಾರಾಟದಿಂದ ಭಾಗಿಸಬೇಕು, ದಾಸ್ತಾನನ್ನು ಮಾತ್ರ ಮಾರಿದ ಸರಕಿನ ವೆಚ್ಚದಿಂದ. ಎರಡೂ ಕಡೆ ‘ವಹಿವಾಟು’ ಎಂದು ಬರೆದರೆ ಲಾಭವೂ ಛೇದದಲ್ಲಿ ಸೇರಿ, ದಾಸ್ತಾನು ಇದ್ದುದಕ್ಕಿಂತ ಬೇಗ ಖಾಲಿಯಾದಂತೆ ಕಾಣುತ್ತದೆ.

ಸೇರಿಕೆ: ‘ಉದ್ದರಿ ಅವಧಿ’ಯನ್ನೂ ‘ಬಾಕಿ ದಿನ’ವನ್ನೂ ಬೆರೆಸಬೇಡಿ. ಮೊದಲನೆಯದು ಒಪ್ಪಂದದ ಮಾತು, ಎರಡನೆಯದು ನಿಜವಾಗಿ ಹಿಡಿದ ಕಾಲ. 2006ರ ಎಂಎಸ್‌ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯಂತೆ ಕಿರು ಮತ್ತು ಸಣ್ಣ ಘಟಕಗಳಿಗೆ ಕೊಡುವ ಹಣಕ್ಕೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಎಣಿಕೆ ಶುರುವಾಗುವುದು ಸರಕು ಒಪ್ಪಿಕೊಂಡ ದಿನದಿಂದ, ಬಿಲ್ಲಿನ ತಾರೀಖಿನಿಂದಲ್ಲ. ಮೇಲಿನ 60 ದಿನ ಬಾಕಿ ದಿನವೇ ಹೊರತು ಉದ್ದರಿ ಅವಧಿಯಲ್ಲ ಎಂದು ಕೋಷ್ಟಕದ ತಲೆಬರಹದಲ್ಲೇ ತಿಳಿಯಬೇಕು.